ಬ್ಯಾಟರಿ ಪುಕ್ಕಟೆ, ಪೆಟ್ಟಿಗೆ ದುಬಾರಿ: ಬ್ರಿಟನ್ನಿನ 320 ಮನೆಗಳ ಲೆಕ್ಕ

ಎಲೆಕ್ಟ್ರಿಕ್ ಕಾರು ದಿನದ ಬಹುಪಾಲು ನಿಂತೇ ಇರುತ್ತದೆ. ಅದರೊಳಗೆ 40 ಯೂನಿಟ್ ಕರೆಂಟು ಹಿಡಿಸುವ ಬ್ಯಾಟರಿ ಇದೆ. ಅದಕ್ಕೆ ದುಡ್ಡು ಆಗಲೇ ಕೊಟ್ಟಾಗಿದೆ. ಹಾಗಿದ್ದ ಮೇಲೆ ಕರೆಂಟು ಅಗ್ಗ ಇದ್ದಾಗ ತುಂಬಿಸಿಕೊಂಡು, ಸಂಜೆ ಗ್ರಿಡ್ಡಿಗೆ, ಅಂದರೆ ಊರಿಗೆಲ್ಲ ಕರೆಂಟು ಹಂಚುವ ಜಾಲಕ್ಕೆ, ತಾಪತ್ರಯ ಆದಾಗ ವಾಪಸ್ ಕೊಟ್ಟರೆ ಕಾರಿನ ಮಾಲೀಕನಿಗೂ ಲಾಭ, ಗ್ರಿಡ್ಡಿಗೂ ಲಾಭ. ಕೇಳೋಕೆ ಎಷ್ಟು ಸುಲಭ ಅಲ್ವಾ? ಇದಕ್ಕೆ ವೆಹಿಕಲ್ ಟು ಗ್ರಿಡ್, ಚಿಕ್ಕದಾಗಿ ವಿಟುಜಿ ಅಂತಾರೆ. ಈ ವಿಚಾರ ಇಪ್ಪತ್ತು ವರ್ಷಕ್ಕೂ ಹಳೆಯದು. ಆದರೂ ನಮ್ಮ ಬೀದಿಯಲ್ಲಿ ಬಿಡಿ, ಲಂಡನ್ನಿನ ಬೀದಿಗಳಲ್ಲೂ ಇದು ಇನ್ನೂ ಮಾಮೂಲಿ ಆಗಿಲ್ಲ. ಯಾಕೆ?

ಉತ್ತರ ಬೇಕಿದ್ದರೆ ಬ್ರಿಟನ್ನಿನ ಸೈಯೂರಸ್ ಯೋಜನೆಯ ಅಂಕಿಗಳನ್ನು ನೋಡಬೇಕು. ಅಲ್ಲಿನ ಸರ್ಕಾರ 2018ರ ಶುರುವಿನಲ್ಲಿ ಸುಮಾರು 3 ಕೋಟಿ ಪೌಂಡನ್ನು 21 ವಿಟುಜಿ ಯೋಜನೆಗಳಿಗೆ ಹಂಚಿತು. ಅವುಗಳಲ್ಲಿ ಇದೂ ಒಂದು. ಓವೋ ಎನರ್ಜಿ ಅನ್ನೋ ವಿದ್ಯುತ್ ಕಂಪನಿ, ನಿಸ್ಸಾನ್, ಚಾರ್ಜರ್ ಮಾಡುವ ಇಂಡ್ರಾ, ಸಾಫ್ಟ್‌ವೇರ್ ಕಡೆಯಿಂದ ಕಲೂಜಾ, ಲೆಕ್ಕ ಹಾಕೋಕೆ ಸೆನೆಕ್ಸ್ ಎಂಬ ಸಂಶೋಧನಾ ಸಂಸ್ಥೆ, ಇಷ್ಟು ಜನ ಸೇರಿ ಸುಮಾರು 320 ಮನೆಗಳಲ್ಲಿ ಎರಡೂ ಕಡೆ ಕರೆಂಟು ಹರಿಸುವ ಚಾರ್ಜರ್ ಕೂರಿಸಿದರು. ಎಲ್ಲರದ್ದೂ ನಿಸ್ಸಾನ್ ಲೀಫ್ ಕಾರು. 2021ರವರೆಗೆ ನಡೆಯಿತು. ಮನೆ ಮಟ್ಟದಲ್ಲಿ ಆ ಹೊತ್ತಿಗೆ ಇದಕ್ಕಿಂತ ದೊಡ್ಡ ಪ್ರಯೋಗ ಜಗತ್ತಿನಲ್ಲೇ ಇರಲಿಲ್ಲ.

ನನಗೆ ಈ ಪ್ರಕರಣ ಇಷ್ಟ ಆಗೋದು ಒಂದು ಕಾರಣಕ್ಕೆ. ಇವರು ಬರೀ ಆದಾಯ ತೋರಿಸಿ ಸುಮ್ಮನಾಗಲಿಲ್ಲ. ಖರ್ಚನ್ನೂ ಪಕ್ಕದಲ್ಲೇ ಇಟ್ಟರು.

ಒಂದು ಮನೆಯಲ್ಲಿ ಏನು ನಡೆಯುತ್ತದೆ

ಮಾಲೀಕ ಸಂಜೆ ಮನೆಗೆ ಬಂದು ಕಾರನ್ನು ಪ್ಲಗ್ಗಿಗೆ ಹಾಕುತ್ತಾನೆ. ಆ್ಯಪಿನಲ್ಲಿ ಎರಡೇ ವಿಷಯ ಹೇಳಿರುತ್ತಾನೆ: ಬೆಳಗ್ಗೆ ಎಷ್ಟು ಹೊತ್ತಿಗೆ ಹೊರಡಬೇಕು, ಎಷ್ಟಕ್ಕಿಂತ ಕೆಳಗೆ ಚಾರ್ಜ್ ಇಳಿಯಬಾರದು. ಉಳಿದದ್ದನ್ನೆಲ್ಲ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ಬ್ರಿಟನ್ನಿನಲ್ಲಿ ಸಂಜೆ 4ರಿಂದ 7 ಅಂದರೆ ಅಡುಗೆ, ಹೀಟರು, ದೀಪ, ಟಿವಿ ಎಲ್ಲ ಒಟ್ಟಿಗೆ ಓಡುವ ಹೊತ್ತು. ಆಗ ಕಾರಿನಿಂದ ಮನೆಗೆ ಕರೆಂಟು ಹರಿಯುತ್ತದೆ, ಮಿಕ್ಕಿದ್ದು ಗ್ರಿಡ್ಡಿಗೆ. ನಡುರಾತ್ರಿ ಗಾಳಿಯಂತ್ರಗಳು ತಿರುಗುತ್ತಿರುತ್ತವೆ, ಕೊಳ್ಳೋರು ಕಡಿಮೆ, ದರ ಇಳಿದಿರುತ್ತದೆ. ಆಗ ಮತ್ತೆ ತುಂಬಿಸಿಕೊಳ್ಳುತ್ತದೆ. ಬೆಳಗ್ಗೆ ಮಾಲೀಕ ಎದ್ದಾಗ ಕಾರು ಹೊರಡೋಕೆ ರೆಡಿ.

ಇಷ್ಟರಿಂದ ಎಷ್ಟು ಸಿಗಬಹುದು ಅಂತ ಒಂದು ಅಂದಾಜು ಹಾಕೋಣ. ಆಗ ಕೆಲವು ಎಲೆಕ್ಟ್ರಿಕ್ ಕಾರಿನ ಪ್ಲಾನುಗಳಲ್ಲಿ ರಾತ್ರಿ ನಾಲ್ಕು ಗಂಟೆ ಹೊತ್ತು ಯೂನಿಟ್ಟಿಗೆ 5 ಪೆನ್ಸ್ (ನೂರು ಪೆನ್ಸ್ ಅಂದರೆ ಒಂದು ಪೌಂಡ್) ದರ ಇತ್ತು. ಹಗಲಿನ ದರ 17 ಪೆನ್ಸ್ ಅಂತಿಟ್ಟುಕೊಳ್ಳಿ. ನೋಡಿದ ಕೂಡಲೇ 12 ಪೆನ್ಸ್ ಲಾಭ ಅನಿಸುತ್ತದೆ. ಆದರೆ ಗ್ರಿಡ್ಡಿನ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿಗೆ ತಿರುಗಿಸಿ ಒಳಗೆ ಹಾಕಿ, ಮತ್ತೆ ಡಿಸಿಯಿಂದ ಎಸಿ ಮಾಡಿ ಹೊರಗೆ ತೆಗೆಯುವಷ್ಟರಲ್ಲಿ ಒಂದಷ್ಟು ಬಿಸಿಯಾಗಿ ಸೋರಿಹೋಗುತ್ತದೆ. 100 ಹಾಕಿದರೆ 80 ವಾಪಸ್ ಬಂತು ಅಂತಿಟ್ಟುಕೊಂಡರೆ, 5 ಪೆನ್ಸಿಗೆ ಕೊಂಡ ಯೂನಿಟ್ಟು ಕೈಗೆ ಬರೋ ಹೊತ್ತಿಗೆ 6.25 ಪೆನ್ಸ್ ಆಗಿರುತ್ತದೆ. ಹಾಗಾಗಿ ಯೂನಿಟ್ಟಿಗೆ ಉಳಿಯೋದು 10.75 ಪೆನ್ಸ್. ದಿನಕ್ಕೆ 7 ಯೂನಿಟ್, ವರ್ಷಕ್ಕೆ 300 ದಿನ ಅಂದರೆ ಹತ್ತಿರ ಹತ್ತಿರ 225 ಪೌಂಡ್. ಇದು ನನ್ನ ಒರಟು ಲೆಕ್ಕ, ಹೊರಗೆ ಕಳಿಸಿದ ಕರೆಂಟಿಗೂ 17 ಪೆನ್ಸೇ ಸಿಗುತ್ತದೆ ಅಂತ ಹಿಡಿದಿದ್ದೇನೆ.

ಯೋಜನೆಯ ಅಂಕಿಗಳು ಇದಕ್ಕಿಂತ ಸ್ವಲ್ಪ ಮೇಲಿವೆ. ಕಾರು ಹೆಚ್ಚಿನ ಹೊತ್ತು ಪ್ಲಗ್ಗಿನಲ್ಲೇ ಇದ್ದರೆ, ಬರೀ ದರದ ಏರಿಳಿತ ನೋಡಿ ತುಂಬಿಸಿ ಖಾಲಿ ಮಾಡೋದರಿಂದ ವರ್ಷಕ್ಕೆ ಸುಮಾರು 340 ಪೌಂಡ್. ಅದರ ಜೊತೆ ಗ್ರಿಡ್ಡಿನ ಫ್ರೀಕ್ವೆನ್ಸಿ ಕಾಯುವ ಸೇವೆ (ಅದೇನು ಅಂತ ಮುಂದೆ ಹೇಳುತ್ತೇನೆ) ಸೇರಿಸಿದರೆ 513. ಇನ್ನೂ ಚುರುಕಾದ, ಇನ್ನೂ ಜಾಸ್ತಿ ದುಡ್ಡು ಕೊಡುವ ಡೈನಾಮಿಕ್ ಕಂಟೈನ್‌ಮೆಂಟ್ ಎಂಬ ಸೇವೆ ಸೇರಿಸಿದರೆ 725.

ಪತ್ರಿಕೆಗಳಿಗೆ 725 ಸಾಕಾಗುತ್ತದೆ, ಒಳ್ಳೇ ಹೆಡ್ಡಿಂಗು. ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ, ಅದನ್ನು ಯಾರೂ ಎತ್ತಿ ಹೇಳೋದಿಲ್ಲ: 120 ಪೌಂಡ್. ವಿಟುಜಿ ಯಾವುದೂ ಬೇಡ, ಮಾಮೂಲಿ ಸ್ಮಾರ್ಟ್ ಚಾರ್ಜರ್ ಇದ್ದರೂ, ಅಂದರೆ ಕರೆಂಟು ವಾಪಸ್ ಕೊಡದೆ ಅಗ್ಗದ ಹೊತ್ತು ನೋಡಿ ತುಂಬಿಸಿಕೊಂಡರೂ, ವರ್ಷಕ್ಕೆ 120 ಪೌಂಡ್ ಉಳಿಯುತ್ತದೆ. ಹಾಗಿದ್ದರೆ ವಿಟುಜಿಯ ಸ್ವಂತ ಸಂಪಾದನೆ 340 ಅಲ್ಲ. 340ರಲ್ಲಿ 120 ಕಳೆದರೆ 220, ನನ್ನ ಒರಟು ಲೆಕ್ಕದ 225ಕ್ಕೆ ಹತ್ತಿರ. ಹೋಲಿಸಬೇಕಾದ್ದು ಏನೂ ಇಲ್ಲದ ಮನೆಯ ಜೊತೆಗಲ್ಲ, ಅಗ್ಗದ ಸ್ಮಾರ್ಟ್ ಚಾರ್ಜರ್ ಇರುವ ಪಕ್ಕದ ಮನೆಯ ಜೊತೆಗೆ. ಈ ಕಳೆಯೋ ಲೆಕ್ಕ ಮರೆತೇ ಎಷ್ಟೋ ವಿಟುಜಿ ಲೇಖನಗಳು ಬರೆಯಲ್ಪಟ್ಟಿವೆ.

ಗೋಡೆ ಮೇಲಿನ ಪೆಟ್ಟಿಗೆ

ಈಗ ಖರ್ಚು. ಪ್ರಯೋಗದಲ್ಲಿ ಜನ ಚಾರ್ಜರಿಗೆ ದುಡ್ಡು ಕೊಡಲಿಲ್ಲ, ಯೋಜನೆಯೇ ಭರಿಸಿತು. ನಿಜವಾಗಿ ಕೊಳ್ಳೋದಾದರೆ? ವಿಟುಜಿ ಚಾರ್ಜರ್ ಮತ್ತು ಅದನ್ನು ಕೂರಿಸುವ ಖರ್ಚು ಸೇರಿ ಮಾಮೂಲಿ ಸ್ಮಾರ್ಟ್ ಚಾರ್ಜರಿಗಿಂತ ಸುಮಾರು 3,700 ಪೌಂಡ್ ಜಾಸ್ತಿ ಬೀಳುತ್ತಿತ್ತು. ವರ್ಷಕ್ಕೆ 220 ಗಿಟ್ಟುವ ಕಡೆ 3,700 ಹಾಕಿದರೆ ಅಸಲು ಬರೋಕೆ ಹತ್ತಿರ ಹತ್ತಿರ 17 ವರ್ಷ ಬೇಕು. ಅಷ್ಟು ಹೊತ್ತಿಗೆ ಆ ಲೀಫ್ ಕಾರು ಗುಜರಿ ಸೇರಿರುತ್ತದೆ. ಅದೇ 120 ಕಳೆದು ನೋಡಿದರೆ 513ರ ಲೆಕ್ಕದಲ್ಲಿ ಒಂಬತ್ತು ವರ್ಷಕ್ಕೂ ಜಾಸ್ತಿ, 725ರ ಲೆಕ್ಕದಲ್ಲಿ ಆರು ವರ್ಷ.

ಪೆಟ್ಟಿಗೆ ಯಾಕೆ ಇಷ್ಟು ದುಬಾರಿ? ಮನೆಯ ಮಾಮೂಲಿ ಚಾರ್ಜರ್ ನಿಜಕ್ಕೂ ಚಾರ್ಜರೇ ಅಲ್ಲ. ಅದೊಂದು ಜಾಣ ಸ್ವಿಚ್ಚು ಅಷ್ಟೇ. ಎಸಿಯನ್ನು ಡಿಸಿ ಮಾಡುವ ಯಂತ್ರ ಕಾರಿನೊಳಗೇ ಇರುತ್ತದೆ. ಲೀಫ್ ಕಾರಿನಲ್ಲಿ ಒಳಗಿನ ಆ ಯಂತ್ರ ಒಂದೇ ದಿಕ್ಕಿನದು, ತುಂಬಿಸೋಕೆ ಮಾತ್ರ. ಕರೆಂಟನ್ನು ಹೊರಗೆ ತೆಗೆಯಬೇಕಾದರೆ ಚಾಡೆಮೊ ಎಂಬ ಡಿಸಿ ಪ್ಲಗ್ಗಿನಿಂದಲೇ ತೆಗೆಯಬೇಕು, ಹಾಗಾಗಿ ಪೂರ್ತಿ ಇನ್ವರ್ಟರನ್ನು ಗೋಡೆ ಮೇಲೆ ಕೂರಿಸಬೇಕಾಯಿತು. 6 ಕಿಲೋವ್ಯಾಟಿನ, ಎರಡೂ ದಿಕ್ಕಿನ, ಗ್ರಿಡ್ಡಿನ ನಿಯಮಗಳಿಗೆಲ್ಲ ಒಗ್ಗುವ ಇನ್ವರ್ಟರು. ಮಾಡುತ್ತಿದ್ದದ್ದು ಕೆಲವೇ ನೂರು. ಕೆಲವೇ ನೂರು ಮಾಡಿದರೆ ಯಾವುದೂ ಅಗ್ಗ ಆಗೋದಿಲ್ಲ.

ಅದರ ಮೇಲೆ ಪರ್ಮಿಷನ್ ರಗಳೆ. ಬ್ರಿಟನ್ನಿನಲ್ಲಿ ಒಂದು ಫೇಸಿಗೆ 3.68 ಕಿಲೋವ್ಯಾಟ್ ಒಳಗೆ ಗ್ರಿಡ್ಡಿಗೆ ಕರೆಂಟು ಕಳಿಸೋದಾದರೆ ಹಾಕಿದ ಮೇಲೆ ತಿಳಿಸಿದರೆ ಸಾಕು. ಅದನ್ನು ದಾಟಿದರೆ ಮುಂಚೆಯೇ ಅರ್ಜಿ ಹಾಕಿ, ಸ್ಥಳೀಯ ವಿತರಣಾ ಕಂಪನಿ ನಿಮ್ಮ ಬೀದಿಯ ಕೇಬಲ್ಲು, ಟ್ರಾನ್ಸ್‌ಫಾರ್ಮರು ತಡೆದುಕೊಳ್ಳುತ್ತವಾ ಅಂತ ನೋಡಿ ಒಪ್ಪಿಗೆ ಕೊಡುವವರೆಗೆ ಕಾಯಬೇಕು. 6 ಕಿಲೋವ್ಯಾಟ್ ಅಂದರೆ ದಾಟಿತಲ್ಲ. ಮನೆಯಿಂದ ಮನೆಗೆ ಇದೇ ಕಥೆ, ಒಂದೊಂದಕ್ಕೂ ಕಾಗದ, ಒಂದೊಂದಕ್ಕೂ ಎಲೆಕ್ಟ್ರಿಷಿಯನ್ನಿನ ಓಡಾಟ.

ಸೆನೆಕ್ಸ್ ಹೇಳಿದ ಗುರಿ ಇಷ್ಟೇ: ಈ ಹೆಚ್ಚುವರಿ ಖರ್ಚು 3,700ರಿಂದ ಸುಮಾರು 1,000 ಪೌಂಡಿಗೆ ಇಳಿಯಬೇಕು. ಆಗ 220ರ ಲೆಕ್ಕದಲ್ಲೂ ಐದು ವರ್ಷದೊಳಗೆ ಅಸಲು ಬರುತ್ತದೆ. ಜನ ಬ್ಯಾಟರಿ ಸವೆತದ ಬಗ್ಗೆ ಜಗಳ ಆಡುತ್ತಿದ್ದಾಗ, ತಡೆ ಇದ್ದದ್ದು ಗೋಡೆ ಮೇಲಿನ ಪೆಟ್ಟಿಗೆಯಲ್ಲಿ.

ದೊಡ್ಡ ದುಡ್ಡು ಇರುವ ಕಡೆ

ಕೆಲವರು ಕೇಳಬಹುದು, 725ರ ಸೇವೆಯನ್ನೇ ಮಾಡಬಹುದಲ್ಲ ಅಂತ. ಇಲ್ಲೇ ಪ್ರಕರಣದ ಸ್ವಾರಸ್ಯ ಇರೋದು.

ಗ್ರಿಡ್ಡಿನ ಫ್ರೀಕ್ವೆನ್ಸಿ, ಅಂದರೆ ಎಸಿ ಕರೆಂಟಿನ ಮಿಡಿತ, 50 ಹರ್ಟ್ಸ್ (ಸೆಕೆಂಡಿಗೆ 50 ಸಲ) ಇರಬೇಕು. ಬೇಡಿಕೆ ಜಾಸ್ತಿಯಾದರೆ ಅಥವಾ ಒಂದು ವಿದ್ಯುತ್ ಕೇಂದ್ರ ದಿಢೀರ್ ಅಂತ ನಿಂತರೆ ಅದು ಕುಸಿಯುತ್ತದೆ. 2019ರ ಆಗಸ್ಟ್ 9ರಂದು ಬ್ರಿಟನ್ನಿನಲ್ಲಿ ಆದದ್ದು ಇದೇ. ಸಿಡಿಲು ಹೊಡೆದ ಬೆನ್ನಿಗೇ ಹಾರ್ನ್‌ಸೀ ಸಮುದ್ರ ಗಾಳಿ ವಿದ್ಯುತ್ ಕೇಂದ್ರ ಮತ್ತು ಲಿಟಲ್ ಬಾರ್ಫರ್ಡ್ ಗ್ಯಾಸ್ ಕೇಂದ್ರ ಹತ್ತಿರ ಹತ್ತಿರ ಒಟ್ಟಿಗೇ ಕೈಕೊಟ್ಟವು. ಫ್ರೀಕ್ವೆನ್ಸಿ 48.8ಕ್ಕೆ ಇಳಿಯಿತು. ಸುಮಾರು ಹತ್ತು ಲಕ್ಷ ಗ್ರಾಹಕರಿಗೆ ಕರೆಂಟು ಹೋಯಿತು, ರೈಲುಗಳು ನಡುದಾರಿಯಲ್ಲಿ ನಿಂತವು. ಇಂಥ ಹೊತ್ತಿನಲ್ಲಿ ಒಂದು ಸೆಕೆಂಡಿನೊಳಗೆ ಕರೆಂಟು ಸುರಿಯೋರು ಬೇಕು. ಅದಕ್ಕೆ ಬ್ಯಾಟರಿಯಷ್ಟು ಚುರುಕಾದ್ದು ಸಿಗೋದು ಕಷ್ಟ. 2020ರ ಅಕ್ಟೋಬರಿನಲ್ಲಿ ಶುರುವಾದ ಡೈನಾಮಿಕ್ ಕಂಟೈನ್‌ಮೆಂಟ್ ಈ ಕೆಲಸಕ್ಕೇ. ದುಡ್ಡು ಸಿಗೋದು ಸುರಿದ ಕರೆಂಟಿಗಲ್ಲ, ಸಿದ್ಧವಾಗಿ ಕಾದು ಕೂತಿದ್ದಕ್ಕೆ. ಶುರುವಿನಲ್ಲಿ ಸಿಗುತ್ತಿದ್ದ ದರ ಒಂದು ಮೆಗಾವ್ಯಾಟ್, ಒಂದು ಗಂಟೆಗೆ 17 ಪೌಂಡ್.

6 ಕಿಲೋವ್ಯಾಟಿನ ಒಂದು ಕಾರು ವರ್ಷವಿಡೀ, ಒಂದು ಗಂಟೆಯೂ ಬಿಡದೆ ಕಾದು ಕೂತರೆ ಈ ದರದಲ್ಲಿ ಸುಮಾರು 893 ಪೌಂಡ್. ಬ್ಯಾಟರಿ ಹೆಚ್ಚು ಸವೆಯೋದೂ ಇಲ್ಲ, ಯಾಕೆಂದರೆ ಬಹುಪಾಲು ಹೊತ್ತು ಸುಮ್ನೆ ಕೂತಿರೋದೇ ಕೆಲಸ. ಚಿನ್ನದ ಗಣಿ ಅನಿಸುತ್ತದೆ. ಈಗ ಷರತ್ತು ನೋಡಿ. ಮಾರುಕಟ್ಟೆಗೆ ಬರೋಕೆ ಕನಿಷ್ಠ 1 ಮೆಗಾವ್ಯಾಟ್ ಇರಬೇಕು. ಅಂದರೆ ಒಂದೇ ಹೊತ್ತಿಗೆ 167 ಕಾರುಗಳು ಪ್ಲಗ್ಗಿನಲ್ಲಿ ಇರಬೇಕು. ಸೈಯೂರಸ್‌ನ 320 ಕಾರುಗಳೆಲ್ಲ ಸೇರಿದರೆ 1.92 ಮೆಗಾವ್ಯಾಟ್. ಅರ್ಧದಷ್ಟು ಕಾರುಗಳು ರಸ್ತೆಯಲ್ಲಿದ್ದರೆ ಮಾತು ತಪ್ಪಿದ ಹಾಗೆ. ಜಗತ್ತಿನ ಅತಿ ದೊಡ್ಡ ಮನೆ ಪ್ರಯೋಗವೇ ಮಾರುಕಟ್ಟೆಯ ಬಾಗಿಲು ದಾಟೋಕೆ ತಿಣುಕಬೇಕಾದ ಗಾತ್ರ! ಜೊತೆಗೆ ಸೆಕೆಂಡಿಗೆ 20 ಸಲ ಅಳೆದ ಲೆಕ್ಕ ಕೊಡಬೇಕಿತ್ತು. 50 ಮೆಗಾವ್ಯಾಟಿನ ಕಂಟೈನರ್ ಬ್ಯಾಟರಿ ಇಟ್ಟವನಿಗೆ ಅಂಥ ಒಂದು ಮೀಟರ್ ಏನೂ ಅಲ್ಲ. ವರ್ಷಕ್ಕೆ ಕೆಲವು ನೂರು ಪೌಂಡ್ ದುಡಿಯುವ ಒಂದೊಂದು ಕಾರಿಗೂ ಅಂಥದ್ದೊಂದು ಮೀಟರ್ ಅಂದರೆ ದುಡಿದದ್ದೆಲ್ಲ ಅದಕ್ಕೇ ಹೋಗುತ್ತದೆ. ಹಾಗಾಗಿ 513, 725 ಇವೆಲ್ಲ ಹೀಗೆ ಮಾಡಿದರೆ ಇಷ್ಟು ಬರಬಹುದು ಎಂಬ ಲೆಕ್ಕಾಚಾರದ ಅಂಕಿಗಳು, ಮನೆಯವರ ಕೈಗೆ ಎಣಿಸಿಕೊಟ್ಟ ದುಡ್ಡಲ್ಲ.

ಆಮೇಲೆ ಏನಾಯಿತು ಅನ್ನೋದು ಇನ್ನೂ ಮುಖ್ಯ. ಈ ದರ ನೋಡಿ ದೊಡ್ಡ ದೊಡ್ಡ ಬ್ಯಾಟರಿ ಕಂಪನಿಗಳು ನುಗ್ಗಿದವು. ಫ್ರೀಕ್ವೆನ್ಸಿ ಕಾಯೋಕೆ ಬೇಕಾಗೋದು ಒಂದಿಷ್ಟೇ, ಅಷ್ಟು ತುಂಬಿದ ಮೇಲೆ ಇನ್ನೊಬ್ಬ ಕಾವಲುಗಾರನಿಗೆ ಕೆಲಸವಿಲ್ಲ. 2023ರ ಹೊತ್ತಿಗೆ ದರ ಕೆಲವೇ ಪೌಂಡಿಗೆ ಕುಸಿಯಿತು. 4 ಪೌಂಡ್ ಅಂತಿಟ್ಟುಕೊಂಡರೆ ನಮ್ಮ ಕಾರಿನ 893 ಪೌಂಡ್ 210 ಆಗುತ್ತದೆ, ಅದೂ ಒಂದು ದಿನವೂ ರಸ್ತೆಗೆ ಇಳಿಯದಿದ್ದರೆ. ಗ್ರಿಡ್ ಬ್ಯಾಟರಿಗಳಲ್ಲಿ ದುಡ್ಡು ಹೂಡುವ, ಷೇರುಪೇಟೆಯಲ್ಲಿದ್ದ ನಿಧಿಗಳಿಗೇ ಪೆಟ್ಟು ಬಿತ್ತು. ಗ್ರೆಶಮ್ ಹೌಸ್‌ನ ನಿಧಿ 2024ರ ಶುರುವಿನಲ್ಲಿ ಡಿವಿಡೆಂಡ್ ನಿಲ್ಲಿಸಿತು. ಯಾರಾದರೂ ಬಂದು ವಿಟುಜಿಯಲ್ಲಿ ವರ್ಷಕ್ಕೆ ಇಷ್ಟು ಸಾವಿರ ಬರುತ್ತದೆ ಅಂತ ಫ್ರೀಕ್ವೆನ್ಸಿ ಮಾರುಕಟ್ಟೆಯ ದರ ತೋರಿಸಿದರೆ, ಆ ದರ ಯಾವ ವರ್ಷದ್ದು ಅಂತ ಮೊದಲು ಕೇಳಿ. ಮೊದಲು ಬಂದ ನಾಲ್ಕು ಜನಕ್ಕೆ ಸಿಕ್ಕ ಬೆಲೆ ಲಕ್ಷ ಜನಕ್ಕೆ ಸಿಗೋದಿಲ್ಲ.

ಬ್ಯಾಟರಿ ಸವೆತ

ಎಲ್ಲರೂ ಮೊದಲು ಕೇಳೋ ಪ್ರಶ್ನೆ ಇದು, ನಾನು ಕೊನೆಗೆ ಇಟ್ಟಿದ್ದೇನೆ. ಒರಟಾಗಿ ನೋಡೋಣ. 40 ಯೂನಿಟ್ಟಿನ ಬ್ಯಾಟರಿಗೆ 4,000 ಪೌಂಡ್, 1,500 ಸಲ ಪೂರ್ತಿ ತುಂಬಿ ಖಾಲಿ ಮಾಡಬಹುದು ಅಂತಿಟ್ಟುಕೊಂಡರೆ ಜೀವಮಾನದಲ್ಲಿ 60,000 ಯೂನಿಟ್ ಹರಿಯುತ್ತದೆ. ಯೂನಿಟ್ಟಿಗೆ 6.7 ಪೆನ್ಸ್ ಸವೆತ. ನಮ್ಮ 10.75 ಪೆನ್ಸ್ ಲಾಭದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು.

ಆದರೆ ಬ್ಯಾಟರಿ ಹಾಗೆ ಲೀಟರ್ ಲೆಕ್ಕದಲ್ಲಿ ಸವೆಯೋದಿಲ್ಲ. ಸುಮ್ನೆ ನಿಂತರೂ ವಯಸ್ಸಾಗುತ್ತದೆ, ಅದರಲ್ಲೂ ಪೂರ್ತಿ ತುಂಬಿ ಬಿಸಿಲಲ್ಲಿ ನಿಂತರೆ ಜಾಸ್ತಿ. 2017ರಲ್ಲಿ ಒಂದು ತಮಾಷೆ ನಡೆಯಿತು. ಹವಾಯಿ ವಿಶ್ವವಿದ್ಯಾಲಯದವರು ವಿಟುಜಿ ಬ್ಯಾಟರಿಗೆ ಹಾನಿ ಅಂದರು. ಅದೇ ವರ್ಷ ಬ್ರಿಟನ್ನಿನ ವಾರಿಕ್ ವಿಶ್ವವಿದ್ಯಾಲಯದವರು ಇಲ್ಲ, ಜಾಣತನದಿಂದ ಮಾಡಿದರೆ ಬ್ಯಾಟರಿಯ ಆಯಸ್ಸು ಹೆಚ್ಚುತ್ತದೆ ಅಂದರು. ಸುದ್ದಿಗಳಲ್ಲಿ ಇದು ಜಗಳ ಅಂತಲೇ ಬಂತು. 2018ರಲ್ಲಿ ಎರಡೂ ಕಡೆಯವರು ಒಟ್ಟಿಗೆ ಕೂತು ಒಂದು ಪ್ರಬಂಧ ಬರೆದರು. ಇಬ್ಬರದ್ದೂ ಸರಿಯೇ ಇತ್ತು. ಹವಾಯಿಯವರು ದುಡ್ಡಿಗಾಗಿ ಸಿಕ್ಕಾಪಟ್ಟೆ ಖಾಲಿ ಮಾಡಿಸಿ ನೋಡಿದ್ದರು. ವಾರಿಕ್‌ನವರು ಬ್ಯಾಟರಿಗೆ ಒಳ್ಳೆಯದಾಗುವ ಹೊತ್ತು ನೋಡಿ ಅಷ್ಟನ್ನೇ ತೆಗೆಯುವ ಲೆಕ್ಕ ಹಾಕಿದ್ದರು. ಜಾಸ್ತಿ ದುಡಿಸಬೇಕು, ಕಡಿಮೆ ಸವೆಯಬೇಕು, ಎರಡೂ ಒಟ್ಟಿಗೆ ಆಗೋದಿಲ್ಲ. ಆರ್ಥಿಕ ಲೆಕ್ಕ ಹಾಕೋರು ಆದಾಯವನ್ನು ಒಂದು ಕಡೆಯಿಂದ, ಸವೆತವನ್ನು ಇನ್ನೊಂದು ಕಡೆಯಿಂದ ಎತ್ತಿಕೊಂಡರೆ ಎಂಥ ಲಾಭ ಬೇಕಾದರೂ ತೋರಿಸಬಹುದು.

ಇನ್ನೊಂದು ಸಂಗತಿ, ಚಿಕ್ಕದು. ಜನ ಕಾರನ್ನು ಬೇಕಾದಾಗ ಮಾತ್ರ ಪ್ಲಗ್ಗಿಗೆ ಹಾಕುತ್ತಾರೆ, ವಾರಕ್ಕೆ ಒಂದೆರಡು ಸಲ. ವಿಟುಜಿಗೆ ಮನೆಯಲ್ಲಿದ್ದಾಗೆಲ್ಲ ಹಾಕಬೇಕು. ಪ್ರಯೋಗಕ್ಕೆ ತಾವಾಗಿ ಮುಂದೆ ಬಂದವರು ಅದನ್ನು ಶ್ರದ್ಧೆಯಿಂದ ಮಾಡಿಯಾರು. ಮಧ್ಯೆ ಕೋವಿಡ್ ಲಾಕ್‌ಡೌನ್ ಬೇರೆ ಬಂದು ಕಾರುಗಳು ಮನೆ ಮುಂದೆಯೇ ನಿಂತವು. ಎಲ್ಲರ ಮನೆಯಲ್ಲೂ ಅದೇ ನಡೆಯುತ್ತದೆ ಅಂತ ಹಿಡಿಯೋದು ಕಷ್ಟ.

ಪೆಟ್ಟಿಗೆ ಕಾರಿನೊಳಗೆ ಹೋಯಿತು

ಪ್ರಯೋಗ ಮುಗಿದ ಮೇಲೆ ಕಥೆ ಬೇರೆ ಕಡೆಯಿಂದ ಮುಂದುವರಿಯಿತು. 2024ರ ಫೆಬ್ರವರಿಯಲ್ಲಿ ಆಕ್ಟೋಪಸ್ ಎನರ್ಜಿ ಪವರ್ ಪ್ಯಾಕ್ ಎಂಬ ಪ್ಲಾನು ತಂದಿತು. ಇಲ್ಲಿ ಗ್ರಾಹಕನಿಗೆ ಅರ್ಧ ಗಂಟೆಗೊಂದು ದರದ ತಲೆನೋವಿಲ್ಲ. ಹೇಳಿದಷ್ಟು ಹೊತ್ತು ಪ್ಲಗ್ಗಿನಲ್ಲಿ ಇಟ್ಟರೆ ಕಾರಿನ ಚಾರ್ಜಿಂಗ್ ಪುಕ್ಕಟೆ, ಮಾರುಕಟ್ಟೆಯ ಏರಿಳಿತ ಕಂಪನಿಯ ತಲೆ ಮೇಲೆ. ಬುದ್ಧಿವಂತಿಕೆ ಅಂದರೆ ಇದು. 340 ಪೌಂಡ್ ಉಳಿತಾಯ ಅಂದರೆ ಯಾರೂ ತಿರುಗಿ ನೋಡೋದಿಲ್ಲ, ಚಾರ್ಜಿಂಗ್ ಫ್ರೀ ಅಂದರೆ ನೋಡುತ್ತಾರೆ.

2025ರಲ್ಲಿ ಅದೇ ಕಂಪನಿ ಬಿವೈಡಿ ಡಾಲ್ಫಿನ್ ಕಾರು, ಝಾಪ್‌ಟೆಕ್ ಚಾರ್ಜರ್, ಈ ಪ್ಲಾನು ಮೂರನ್ನೂ ಸೇರಿಸಿ ತಿಂಗಳಿಗೆ 300 ಪೌಂಡಿನೊಳಗೆ ಲೀಸಿಗೆ ಕೊಡುವುದಾಗಿ ಹೇಳಿತು. ಇಲ್ಲಿ ಎರಡು ದಿಕ್ಕಿನ ಇನ್ವರ್ಟರ್ ಕಾರಿನೊಳಗೇ ಇದೆ. ಗೋಡೆ ಮೇಲೆ ಮತ್ತೆ ಜಾಣ ಸ್ವಿಚ್ಚು ಸಾಕು. ಕೆಲವು ನೂರು ಮಾಡುತ್ತಿದ್ದ ಪೆಟ್ಟಿಗೆ ಈಗ ಲಕ್ಷಗಟ್ಟಲೆ ಮಾಡುವ ಕಾರಿನ ಒಂದು ಭಾಗ. ಆ 3,700 ಪೌಂಡಿನ ಗೋಡೆಯನ್ನು ಒಡೆದದ್ದು ವಿಟುಜಿ ಉತ್ಸಾಹಿಗಳಲ್ಲ, ಕಾರಿನಿಂದ ಮಿಕ್ಸಿ, ಫ್ಯಾನು ಓಡಿಸುವ ಸೌಲಭ್ಯ ಬೇಕು ಅಂದ ಸಾಮಾನ್ಯ ಗಿರಾಕಿಗಳು ಅಂತ ನನ್ನ ಅನಿಸಿಕೆ.

ನಮ್ಮ ಕಡೆಗೆ ತಂದರೆ

ಕರ್ನಾಟಕದಲ್ಲಿ ಇದನ್ನೇ ಮಾಡಿದರೆ ಹೇಗೆ ಅಂತ ಓದುಗರಿಗೆ ಅನಿಸೋದು ಸಹಜ. ಕೇಂದ್ರ ಸರ್ಕಾರ 2023ರಲ್ಲಿ ನಿಯಮ ತಿದ್ದಿ, ಹೊತ್ತಿಗೆ ತಕ್ಕ ದರ ತರಬೇಕು ಅಂತ ಹೇಳಿತು. ಬಿಸಿಲಿನ ಹೊತ್ತಿನಲ್ಲಿ ಮಾಮೂಲಿಗಿಂತ ಕನಿಷ್ಠ 20% ಕಡಿಮೆ, ಪೀಕ್ ಹೊತ್ತಿನಲ್ಲಿ ಮನೆಗಳಿಗೆ ಕನಿಷ್ಠ 10% ಜಾಸ್ತಿ, ಅಂಗಡಿ ಮತ್ತು ಕಾರ್ಖಾನೆಗಳಿಗೆ ಕನಿಷ್ಠ 20% ಜಾಸ್ತಿ. ಮನೆಯ ದರ ಯೂನಿಟ್ಟಿಗೆ 6 ರೂಪಾಯಿ ಅಂತ ಹಿಡಿಯಿರಿ. ಹಗಲು 4.80, ಸಂಜೆ 6.60. ಒಂದು ಯೂನಿಟ್ ಕೊಂಡರೆ 80% ವಾಪಸ್, ಅದರ ಬೆಲೆ 5.28. ಉಳಿದದ್ದು 48 ಪೈಸೆ. ಹತ್ತು ಯೂನಿಟ್ ಆಡಿಸಿದರೆ 4.80 ರೂಪಾಯಿ, ಒಂದು ಕಾಫಿಗೂ ಬರೋದಿಲ್ಲ. ಬ್ಯಾಟರಿ ಸವೆತ ಇನ್ನೂ ಸೇರಿಸಿಲ್ಲ. ದರದ ಅಂತರ ಈ ಕನಿಷ್ಠ ಮಟ್ಟದಲ್ಲೇ ಇದ್ದರೆ ಚಾರ್ಜರನ್ನು ಪುಕ್ಕಟೆ ಕೊಟ್ಟರೂ ಲೆಕ್ಕ ಕೂಡೋದಿಲ್ಲ.

ಎದುರಿಗೆ ಪೈಪೋಟಿ ಯಾರದ್ದು ನೋಡಿ. ಗ್ರಿಡ್ಡಿಗೆಂದೇ ಕೂರಿಸುವ ಎರಡು ಗಂಟೆಯ ಬ್ಯಾಟರಿಗಳಿಗೆ ಕೇಂದ್ರ ಸರ್ಕಾರದ ಸೌರ ವಿದ್ಯುತ್ ನಿಗಮವಾದ ಸೆಕಿಯ 2022ರ ಟೆಂಡರಿನಲ್ಲಿ ಒಂದು ಮೆಗಾವ್ಯಾಟಿಗೆ ತಿಂಗಳಿಗೆ 10.84 ಲಕ್ಷ ರೂಪಾಯಿ ಬಂದಿತ್ತು. 2024ರ ಕೊನೆಗೆ ರಾಜಸ್ಥಾನದ ಟೆಂಡರಿನಲ್ಲಿ, ಕೇಂದ್ರದ ಸಹಾಯಧನವೂ ಸೇರಿ, ಅದು ಸುಮಾರು 2.2 ಲಕ್ಷಕ್ಕೆ ಇಳಿಯಿತು. ದಿನಕ್ಕೆ ಒಂದೇ ಸಲ ತುಂಬಿ ಖಾಲಿ ಮಾಡಿದರೂ ತಿಂಗಳಿಗೆ 60,000 ಯೂನಿಟ್, ಅಂದರೆ ಯೂನಿಟ್ಟಿಗೆ ಮೂರೂ ಮುಕ್ಕಾಲು ರೂಪಾಯಿಗಿಂತ ಕಡಿಮೆ. ಎರಡು ಸಲ ಮಾಡಿದರೆ ಅದರ ಅರ್ಧ. ಎಸ್ಕಾಂನವರು, ಅಂದರೆ ನಮ್ಮ ವಿದ್ಯುತ್ ವಿತರಣಾ ಕಂಪನಿಗಳು, ಒಂದು ಕಡೆ ಬೇಲಿ ಹಾಕಿ ಕೂರಿಸಿದ ಈ ಬ್ಯಾಟರಿಗೆ ದುಡ್ಡು ಕೊಡುತ್ತಾರೋ, ಬೆಳಗ್ಗೆ ಆಫೀಸಿಗೆ ಹೊರಟುಹೋಗುವ ಸಾವಿರ ಕಾರುಗಳ ಹಿಂದೆ ಓಡುತ್ತಾರೋ?

ನಮ್ಮಲ್ಲಿ ಎಲೆಕ್ಟ್ರಿಕ್ ಗಾಡಿ ಅಂದರೆ ಹೆಚ್ಚಿನವು ಸ್ಕೂಟರು, ಆಟೋ. ಸ್ಕೂಟರಿನಲ್ಲಿ ಇರೋದು ಮೂರ್ನಾಲ್ಕು ಯೂನಿಟ್ಟಿನ ಬ್ಯಾಟರಿ. ಅದಕ್ಕೆ ಎರಡು ದಿಕ್ಕಿನ ಚಾರ್ಜರ್ ಹಾಕೋ ಮಾತೇ ಇಲ್ಲ. ಆದರೆ ಸೈಯೂರಸ್‌ನ ಆ 120 ಪೌಂಡಿನ ಅಂಕಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಬರೀ ಹೊತ್ತು ನೋಡಿ ತುಂಬಿಸೋದಕ್ಕೆ ಪೆಟ್ಟಿಗೆ ಬೇಡ, ಹೆಚ್ಚುವರಿ ಸವೆತ ಇಲ್ಲ, ಹೆಚ್ಚುವರಿ ಸೋರಿಕೆ ಇಲ್ಲ. 6 ರೂಪಾಯಿಯ ಲೆಕ್ಕದಲ್ಲಿ ಸಂಜೆ ಬದಲು ಮಧ್ಯಾಹ್ನ ತುಂಬಿಸಿದರೆ ಯೂನಿಟ್ಟಿಗೆ 1.80 ರೂಪಾಯಿ ನೇರ ಉಳಿತಾಯ, ಆ 48 ಪೈಸೆಗೆ ಹೋಲಿಸಿದರೆ ನಾಲ್ಕು ಪಟ್ಟಿಗೆ ಹತ್ತಿರ. ಅದಕ್ಕೆ ಬೇಕಾದ್ದು ಸ್ಮಾರ್ಟ್ ಮೀಟರು, ಮತ್ತೆ ಹಗಲು ಗಾಡಿ ನಿಲ್ಲುವ ಆಫೀಸು, ಕಾಲೇಜು, ಮೆಟ್ರೋ ಪಾರ್ಕಿಂಗಿನಲ್ಲಿ ಸಾಲಾಗಿ ಮಾಮೂಲಿ ಪ್ಲಗ್ಗುಗಳು.